ರಾಗದ ಅಂಗಳದಲ್ಲಿ ಸ್ಯಾಕ್ಸೊಫೋನ್

ಎರಡು ಸಂಗೀತ ಪದ್ಧತಿಗಳನ್ನು ಒಂದೇ ವೇದಿಕೆಯ ಮೇಲೆ ಕೂರಿಸಿದ ಮಾತ್ರಕ್ಕೆ ಅವು ಕೂಡಿಕೊಂಡವೆಂದು ಹೇಳಲಾಗದು. ‘ಫ್ಯೂಷನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ರಸಿಕರಲ್ಲಿ ಹಲವರು ಹುಬ್ಬು ಗಂಟಿಕ್ಕುತ್ತಾರೆ. ಅದು ಬರಿಯ ಕಲಸುಮೇಲೋಗರವೆಂಬುದು ಅವರ ಆಕ್ಷೇಪ. ಆಕ್ಷೇಪ ನಿರಾಧಾರವೇನಲ್ಲ. ಇತ್ತ ಒಂದಿಷ್ಟು ಮೃದಂಗ, ಅತ್ತ ಒಂದಿಷ್ಟು ಗಿಟಾರು, ಕೊನೆಗೆ ಎಲ್ಲರೂ ಸೇರಿ ಒಂದು ಗದ್ದಲ: ಇಂಥವನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆದರೆ ಇದಕ್ಕೆ ಸಮರ್ಥವಾದ ಉತ್ತರವೊಂದನ್ನು ಬೆಂಗಳೂರಿನ ಕಲಾವಿದರೇ ಕೊಟ್ಟಿದ್ದಾರೆ. ಮ್ಯೂನಿಕ್ ನಗರದ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯೇ ಆ ಉತ್ತರ.

ಇದರಲ್ಲಿ ಪಾಲ್ಗೊಂಡವರು ಐವರು. ನಾಲ್ವರು ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಬಳಗದವರು. 1964ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಟಿ. ಎ. ಎಸ್. ಮಣಿಯವರದು ಮೃದಂಗ, ಆರ್. ಎ. ರಮಾಮಣಿಯವರದು ಗಾಯನ, ಆರ್. ಎ. ರಾಜಗೋಪಾಲ್ ಅವರದು ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರದು ಖಂಜಿರ. ಐದನೆಯವರು ಅಮೆರಿಕದ ಚಾರ್ಲಿ ಮಾರಿಯಾನೊ. ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಅವರ ಪಾಲಿನವು. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮಾರಿಯಾನೊ, ಚಾರ್ಲ್ಸ್ ಮಿಂಗಸ್ ಅಂಥವರ ಜೊತೆಯಲ್ಲಿ ನುಡಿಸಿ ಹೆಸರಾದವರು. ಅರವತ್ತರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾಕ್ಕೆ ಹೋದಾಗ ಅವರ ಕಿವಿಗೆ ನಾಗಸ್ವರ ಬಿತ್ತು. ಕೇಳಿ ಮೆಚ್ಚಿ ಸುಮ್ಮನಾಗದೆ, ಮುಂದೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಶಿಷ್ಯನಾಗಿ ಕಲಿತರು. ‘ಜ್ಯೋತಿ’ಯ ಹಿಂದೆ ಈ ಶಿಷ್ಯವೃತ್ತಿ ಇದೆಯೆಂಬುದನ್ನು ಮರೆಯಬಾರದು.

ಈ ಮುದ್ರಿಕೆಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದನ್ನು ಮೊದಲು ಗಮನಿಸಬೇಕು. ಪಿಯಾನೊ ಇಲ್ಲ, ಬಾಸ್ ಇಲ್ಲ, ಜಾಝ್‌ನ ಡ್ರಮ್ಮುಗಳಿಲ್ಲ. ಇದು ಸಣ್ಣ ತ್ಯಾಗವಲ್ಲ. ಜಾಝ್ ವಾದಕನ ಮನೋಧರ್ಮ ಸಾಮಾನ್ಯವಾಗಿ ನಡೆಯುವುದು ‘ಕಾರ್ಡ್’ಗಳ ಮೇಲೆ, ಅಂದರೆ ಏಕಕಾಲಕ್ಕೆ ನುಡಿಯುವ ಸ್ವರಗುಚ್ಛಗಳ ಮೇಲೆ. ಹನ್ನೆರಡೋ ಮೂವತ್ತೆರಡೋ ಬಾರ್‌ಗಳ ಒಂದು ಸುತ್ತಿನಲ್ಲಿ ಅವು ಗೊತ್ತಾದ ಕ್ರಮದಲ್ಲಿ ಬದಲಾಗುತ್ತ ಹೋಗುತ್ತವೆ. ತಾನೀಗ ಎಲ್ಲಿದ್ದೇನೆಂಬುದನ್ನು ವಾದಕನಿಗೆ ತಿಳಿಸುವುದು ಅವೇ. ನಮ್ಮಲ್ಲಾದರೋ ಆಧಾರಷಡ್ಜ ಅಲುಗುವುದಿಲ್ಲ. ದಾರಿ ತೋರಿಸುವುದು ತಾಳ. 1959ರಲ್ಲಿ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯಲ್ಲಿ, ಕಾರ್ಡ್‌ಗಳ ಓಟವನ್ನು ತಗ್ಗಿಸಿ ಒಂದೊಂದು ಸ್ವರಶ್ರೇಣಿಯ ಮೇಲೆಯೇ ಬಹುಕಾಲ ನಿಂತು ನುಡಿಸಿದ ಮೇಲೆ ಜಾಝ್ ರಾಗದ ನೆರೆಗೆ ಬಂದಿತ್ತು. ಮಾರಿಯಾನೊ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ತಂಬೂರಿಯ ಶ್ರುತಿಯನ್ನೇ ನೆಲವಾಗಿ ಒಪ್ಪಿಕೊಂಡರು.

ಒಪ್ಪಿದೊಡನೆ ಎದುರಾಗುವ ಕಷ್ಟ ಲಯದ್ದು. ಕೊನ್ನಕ್ಕೋಲಿನಲ್ಲಿ ಬಾಯಿಂದ ಹೊರಡುವ ಜತಿಗಳು ಮೂರರ, ಐದರ, ಏಳರ ನಡೆಗಳಲ್ಲಿ ಹರಿದು, ಮೂರು ಸಲ ಮರಳಿ, ಎತ್ತುಗಡೆಗೆ ಸರಿಯಾಗಿ ಬಂದಿಳಿಯುತ್ತವೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು ನುಡಿಸಲು ಬರುವುದಿಲ್ಲ. ಅದು ಮೈಗೆ ಹತ್ತಿರಬೇಕು. ಮಾರಿಯಾನೊ ಅವರಿಗೆ ಅದು ಹತ್ತಿದೆಯೆಂದು ಕೇಳಿದವರಿಗೆ ತಿಳಿಯುತ್ತದೆ.

ಮೊದಲ ಕೃತಿಯ ಹೆಸರೇ ‘ವಾಯ್ಸ್ ಸೋಲೋ’. ಜಾಝ್ ಎಂದುಕೊಂಡು ಕೊಂಡವನಿಗೆ ಬಾಗಿಲಲ್ಲೇ ರಮಾಮಣಿಯವರ ಕಂಠ ಎದುರಾಗುತ್ತದೆ! ಯಾರು ಅತಿಥಿ, ಯಾರು ಮನೆಯವರು ಎಂಬುದು ಅಲ್ಲಿಗೇ ಇತ್ಯರ್ಥವಾಯಿತು. ಮುಂದೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ಗಳಲ್ಲಿ ಕಂಠವೂ ವಾದ್ಯವೂ ಸಂವಾದಕ್ಕಿಳಿಯುತ್ತವೆ. ಅಲ್ಲಲ್ಲಿ ಅತಿಥಿಯ ಸಂಕೋಚ ಕೊಂಚ ಹೆಚ್ಚಾಯಿತೆಂದೇ ನನ್ನ ಅನಿಸಿಕೆ. ಮಿಂಗಸ್ ಅವರ ಜೊತೆಯಲ್ಲಿ ಕೂಗಿ ಗೋಳಾಡಬಲ್ಲ ಆ ಉಸಿರು ಇಲ್ಲಿ ಇನ್ನಷ್ಟು ಬಿಚ್ಚಿಕೊಳ್ಳಬಹುದಿತ್ತು.

ಸ್ಯಾಕ್ಸೊಫೋನ್ ಎಂದೊಡನೆ ನಮಗೆ ಕದ್ರಿ ಗೋಪಾಲನಾಥರ ನೆನಪಾಗುವುದು ಸಹಜ. ಅವರು ಗಮಕಗಳು ನುಡಿಯುವಂತೆ ವಾದ್ಯವನ್ನೇ ತಿದ್ದಿಸಿ, ಅದನ್ನು ಪೂರ್ತಿಯಾಗಿ ಕರ್ನಾಟಕ ಸಂಗೀತದ ಮನೆಮಗನನ್ನಾಗಿ ಮಾಡಿಕೊಂಡರು. ಮಾರಿಯಾನೊ ಅವರ ದಾರಿ ಬೇರೆ. ಅವರ ಸ್ವರ ರಾಗದೊಳಗೆ ನಡೆಯುವಾಗಲೂ ವಾಕ್ಯದ ಕೊನೆಯಲ್ಲಿ ಒಂದು ಬ್ಲೂಸ್‌ನ ನಿಟ್ಟುಸಿರು ಉಳಿದೇ ಇರುತ್ತದೆ. ಮಾರಿಯಾನೊ 2009ರಲ್ಲಿ ತೀರಿಕೊಂಡರು, ಮಣಿಯವರು 2020ರಲ್ಲಿ. ಮುದ್ರಿಕೆಯಲ್ಲಿ ಆ ನಿಟ್ಟುಸಿರು, ಅದರ ಹಿಂದೆಯೇ ಮೃದಂಗದ ಎಡಗೈಯ ಮೆಲ್ಲನೆಯ ಗುಮುಕಿ, ಇಂದಿಗೂ ಕೇಳಿಸುತ್ತವೆ.