ಭಂಗಾರಕ್ಕೆ ಹೋಗಬೇಕಿದ್ದ ಕಂಪ್ಯೂಟರ್

"ಕಾಕಾ, ಇದಕ್ಕ ಇನ್ನ ರೊಕ್ಕ ಹಾಕಬ್ಯಾಡ್ರಿ. ಸೀದಾ ಭಂಗಾರಕ್ಕ ಹಾಕ್ರಿ" ಎಂದ ಅಂಗಡಿಯ ಹುಡುಗ.

ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ಮುಖ ನೋಡಿದಳು. ನಮ್ಮ ದುಬಲಗುಂಡಿಯ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಬಾಳುತ್ತವೆ. ಹಾಗಾಗಿ ಗುಜರಿ ಸಾಮಾನಿಗೆ ನಾವು ಭಂಗಾರ ಎನ್ನುತ್ತೇವೆ, ಚಿನ್ನಕ್ಕೆ ಬಂಗಾರ. ನಡುವಿನ ವ್ಯತ್ಯಾಸ ಒಂದು ಮಹಾಪ್ರಾಣ ಮಾತ್ರ. ಆ ಹುಡುಗ ಹೇಳಿದ್ದು ತಪ್ಪಲ್ಲ, ಹದಿಮೂರು ವರ್ಷದ ಯಂತ್ರಕ್ಕೆ ಯಾರಾದರೂ ಅದನ್ನೇ ಹೇಳುತ್ತಾರೆ. ಆದರೂ ಡಬ್ಬಿಯನ್ನು ಮತ್ತೆ ಚೀಲದಲ್ಲಿ ಕಟ್ಟಿಕೊಂಡು ಹುಮನಾಬಾದಿನಿಂದ ಊರಿನ ಬಸ್ಸು ಹತ್ತಿದೆವು.

ಈ ಕಂಪ್ಯೂಟರನ್ನು ನಾನು ಕೊಂಡದ್ದು 2012ರಲ್ಲಿ, ಬ್ಯಾಂಕಿನಿಂದ ನಿವೃತ್ತನಾದ ಮರುವರ್ಷ. ಎರಡನೇ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಈಗ ಗುಂಡಿ ಒತ್ತಿದರೆ ಕೆಲಸಕ್ಕೆ ಬರಲು ನಾಲ್ಕು ನಿಮಿಷ ನಲವತ್ತು ಸೆಕೆಂಡು. ಮೊಮ್ಮಗಳು ಒಂಬತ್ತನೇ ತರಗತಿ. "ಮುತ್ಯಾ, ಇದು ಚಾಲೂ ಆಗೋತನಕ ನಾ ರೊಟ್ಟಿ ತಿಂದು ಬರ್ತೀನಿ" ಎನ್ನುತ್ತಾಳೆ, ತಿಂದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಮುಂದಿನ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಹೊಸ ಕಂಪ್ಯೂಟರಿಗೆ ಬೇಕಾದ ಹಣವನ್ನು ಅವಳ ಪಿಯುಸಿ ಹಾಸ್ಟೆಲಿಗೆಂದು ಎತ್ತಿಟ್ಟಿದ್ದೇವೆ, ಅದನ್ನು ಮುಟ್ಟುವಂತಿಲ್ಲ. ಪಿಂಚಣಿಯಲ್ಲಿ ಒಂದು ಸಲಕ್ಕೆ ತೆಗೆಯಬಹುದಾದದ್ದು 4,000 ರೂಪಾಯಿ. ಅಷ್ಟರಲ್ಲಿ ಏನಾದರೂ ಆಗುತ್ತದೆಯೇ?

ಹಳೆಯ ಗುಮಾಸ್ತನಿಗೆ ಗೊತ್ತಿರುವ ದಾರಿ ಒಂದೇ. ಖರ್ಚಿಗೆ ಮೊದಲು ತನಿಖೆ.

ತಪ್ಪು ಯಾರದು?

ಮಕ್ಕಳೇ, ಕಂಪ್ಯೂಟರನ್ನು ಒಂದು ಬ್ಯಾಂಕ್ ಶಾಖೆ ಎಂದುಕೊಳ್ಳಿ. ಪ್ರೊಸೆಸರ್ ಎಂದರೆ ಕೌಂಟರಿನಲ್ಲಿ ಕುಳಿತ ಗುಮಾಸ್ತ. ರ‍್ಯಾಮ್ ಅವನ ಮೇಜು. ಹಾರ್ಡ್ ಡಿಸ್ಕ್ ಹಿಂದಿನ ದಫ್ತರ ಕೋಣೆ. ನನ್ನ ಕಾಲದಲ್ಲಿ ಗಿರಾಕಿ ಬಂದರೆ ಜವಾನ ಆ ಕೋಣೆಗೆ ಹೋಗಿ, ಕಪಾಟು ಹುಡುಕಿ, ಲೆಡ್ಜರ್ ಹೊತ್ತು ತರಬೇಕಿತ್ತು. ಗುಮಾಸ್ತ ಎಷ್ಟೇ ಚುರುಕಾಗಿದ್ದರೂ ಲೆಡ್ಜರ್ ಬರುವತನಕ ಪೆನ್ನು ಹಿಡಿದು ಕೂರುವುದೇ ಕೆಲಸ. ಹೊರಗಿನ ಸಾಲು ನೋಡಿದವರು ಬಯ್ಯುತ್ತಿದ್ದದ್ದು ಮಾತ್ರ ಗುಮಾಸ್ತನನ್ನು!

ನಮ್ಮ ಮನೆಯಲ್ಲೂ ಆಗಿದ್ದು ಅದೇ. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಅಲ್ಲಿ ನೋಡಿದರೆ ಪ್ರೊಸೆಸರ್ ಶೇಕಡಾ 8ರಷ್ಟು ಮಾತ್ರ ದುಡಿಯುತ್ತಿತ್ತು, ಡಿಸ್ಕ್ ಮಾತ್ರ ಶೇಕಡಾ 100. ಗುಮಾಸ್ತ ಖಾಲಿ ಕೂತಿದ್ದ, ಜವಾನ ಏದುಸಿರು ಬಿಡುತ್ತಿದ್ದ.

ಯಾಕೆಂದು ಮೊಮ್ಮಗಳ ಜೊತೆ ಕೂತು ಲೆಕ್ಕ ಹಾಕಿದೆ. ಹಾರ್ಡ್ ಡಿಸ್ಕಿನ ಒಳಗೆ ನಿಜವಾಗಿಯೂ ತಟ್ಟೆಗಳು ತಿರುಗುತ್ತವೆ. ನಮ್ಮದು ನಿಮಿಷಕ್ಕೆ 7,200 ಸುತ್ತಿನದು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಸಾಲಿಗೆ ಸರಿದು, ಬೇಕಾದ ಜಾಗ ತನ್ನ ಕೆಳಗೆ ಬರುವತನಕ ಕಾಯಬೇಕು. ಎಲ್ಲ ಸೇರಿ ಒಂದೊಂದು ಹುಡುಕಾಟಕ್ಕೆ 10ರಿಂದ 15 ಮಿಲಿಸೆಕೆಂಡು. ಹಾಗಾದರೆ ಸೆಕೆಂಡಿಗೆ ನೂರು ಹುಡುಕಾಟವೂ ಕಷ್ಟ. ಕಂಪ್ಯೂಟರ್ ಏಳುವಾಗ ಓದಬೇಕಾದ ಸಣ್ಣ ಕಡತಗಳೋ ಸಾವಿರಾರು.

ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವುದು ಏನೂ ಇಲ್ಲ, ಪೆನ್ ಡ್ರೈವಿನ ಹಾಗೆ ಬರಿ ಚಿಪ್ಪುಗಳು. ಅಲ್ಲಿ ಒಂದು ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಾಕು. ಅಂದರೆ ಸುಮಾರು ನೂರು ಪಟ್ಟು ಚುರುಕು. ದಫ್ತರ ಕೋಣೆಯನ್ನೇ ಎತ್ತಿ ತಂದು ಗುಮಾಸ್ತನ ಮಗ್ಗುಲಲ್ಲಿ ಇಟ್ಟ ಹಾಗೆ.

ರೋಗ ತಿಳಿಯಿತು. ಗುಮಾಸ್ತನನ್ನು ಬದಲಿಸುವುದು ಬೇಡ, ದಫ್ತರವನ್ನು ಬದಲಿಸಿದರೆ ಸಾಕು.

ಮೊದಲು ಗಂಟು ಉಳಿಸಿಕೊಳ್ಳಿ

ಅಷ್ಟರಲ್ಲಿ ಹಳೆಯ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು. ಬೀದರದಲ್ಲಿ ಡಿಪ್ಲೊಮಾ ಓದುವ ಪಕ್ಕದ ಮನೆಯ ಹುಡುಗ ಕಿವಿಗೊಟ್ಟು ಕೇಳಿ, "ಕಾಕಾ, ಇದರಾಗ ಏನರ ಬೇಕಾದ್ದು ಅದ ಏನ್ರಿ? ಇದ್ರ ಇವತ್ತೇ ತಕ್ಕೊಳ್ರಿ" ಎಂದ.

ಅದರೊಳಗೆ ನನ್ನ ಹೆಂಡತಿ ಇದ್ದಳು. 2019ರಲ್ಲಿ ಅವಳು ತೀರಿಕೊಂಡಳು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ತೆಗೆದ ಫೋಟೊಗಳು, ಮೊಮ್ಮಗಳ ತೊಟ್ಟಿಲ ದಿನ ಅವಳು ಹಾಡಿದ ಹಾಡಿನ ಧ್ವನಿಮುದ್ರಣ, ಎಲ್ಲವೂ ಆ ಒಂದೇ ತಟ್ಟೆಯ ಮೇಲೆ. ಎರಡನೆಯ ಪ್ರತಿ ಎಲ್ಲೂ ಇರಲಿಲ್ಲ.

ಮೂವತ್ತೇಳು ವರ್ಷ ಪ್ರತಿ ಸಂಜೆ ಲೆಕ್ಕ ಸರಿಹೊಂದಿಸದೆ ಬ್ಯಾಂಕಿನಿಂದ ಮನೆಗೆ ಬಂದವನಲ್ಲ ನಾನು. ಪರರ ಹಣದ ಒಂದೊಂದು ರೂಪಾಯಿಗೂ ವೋಚರ್, ಲೆಡ್ಜರ್, ಡೇ ಬುಕ್ ಎಂದು ಮೂರು ಕಡೆ ದಾಖಲೆ ಇಟ್ಟವನು ಮನೆಯ ಗಂಟಿಗೆ ಒಂದು ನಕಲನ್ನೂ ಇಟ್ಟಿರಲಿಲ್ಲ.

ಎರಡು 64 ಜಿಬಿ ಪೆನ್ ಡ್ರೈವ್ ತಂದೆವು. ಮೊದಲು ಧ್ವನಿ, ಆಮೇಲೆ ಫೋಟೊ, ಕೊನೆಗೆ ಕಾಗದಪತ್ರ ಎಂದು ಸಾಲು ಹಚ್ಚಿ ನಕಲು ಮಾಡಲು ರಾತ್ರಿಯಿಡೀ ಹಿಡಿಯಿತು. ಡಿಸ್ಕು ನಡುನಡುವೆ ನಿಂತು, ಉಸಿರು ತೆಗೆದುಕೊಂಡು ಮುಂದೆ ಹೋಯಿತು. ಧ್ವನಿ ಬಂತು. ಫೋಟೊಗಳಲ್ಲಿ ಹನ್ನೊಂದು ಬರಲಿಲ್ಲ. ನಾಲ್ಕು ಸಲ ಪ್ರಯತ್ನಿಸಿದರೂ ಕಡತ ಓದಲಾಗದು ಎಂಬ ಉತ್ತರ. ಅವು ಹೋದವು.

ಅಜ್ಜ ಅಜ್ಜಿಯರೇ, ಕಂಪ್ಯೂಟರ್ ಸುಧಾರಿಸುವ ಮಾತು ಆಮೇಲೆ. ಇದೊಂದನ್ನು ಇವತ್ತೇ ಮಾಡಿ. ಕಳೆದುಕೊಳ್ಳಬಾರದ್ದು ಕನಿಷ್ಠ ಎರಡು ಕಡೆ ಇರಲಿ, ಒಂದು ಬೇರೆ ಮನೆಯಲ್ಲಿರಲಿ. ನಮ್ಮ ಎರಡನೆಯ ಪೆನ್ ಡ್ರೈವ್ ಈಗ ಕಲಬುರಗಿಯಲ್ಲಿ ಮಗಳ ಕಪಾಟಿನಲ್ಲಿದೆ.

ತಪ್ಪು ರ‍್ಯಾಮ್

ನಮ್ಮ ಕಡೆಯವರು ಇಂಥ ಬಿಡಿಭಾಗ ಬೇಕೆಂದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವುದುಂಟು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಹಾಗೆ. ನಮ್ಮ ಪಟ್ಟಿಗೆ ಅಷ್ಟು ದೂರ ಬೇಕಿರಲಿಲ್ಲ, ಪಟ್ಟಣದಲ್ಲೇ ಸಿಕ್ಕಿತು. ಆದರೆ ಅವಸರದಲ್ಲಿ ನಾನೊಂದು ತಪ್ಪು ಮಾಡಿದೆ. "4 ಜಿಬಿ ರ‍್ಯಾಮ್ ಕೊಡ್ರಿ" ಎಂದೆನೇ ಹೊರತು ಯಾವ ಬಗೆಯದು ಎಂದು ಹೇಳಲಿಲ್ಲ. ಕೊಟ್ಟದ್ದು ಡಿಡಿಆರ್ 4. ನಮ್ಮ ಬೋರ್ಡಿಗೆ ಬೇಕಿದ್ದದ್ದು ಡಿಡಿಆರ್ 3. ಒಂದರಲ್ಲಿ 288 ಹಲ್ಲು, ಇನ್ನೊಂದರಲ್ಲಿ 240. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ತಪ್ಪಾದದ್ದು ಕೂರುವುದೇ ಇಲ್ಲ. ಬಲ ಹಾಕಿ ಒತ್ತಿದರೆ ಬೋರ್ಡೇ ಹಾಳು. ಮರುದಿನ ಹಳೆಯ ರ‍್ಯಾಮನ್ನೇ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಹೋಗಿ ಅದಕ್ಕೆ ಜೋಡಿ ತಂದೆ. ವಾಪಸಾತಿಗೆ ನೂರು ರೂಪಾಯಿ ಕಡಿತ. ನೀವು ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ.

ತೊಗರಿ ದೂಳು

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಡಬ್ಬಿ ತೆರೆದೆವು. ಒಳಗೆ ಬೆರಳು ದಪ್ಪ ದೂಳು. ನಮ್ಮ ಊರಲ್ಲಿ ತೊಗರಿ ರಾಶಿ ನಡೆಯುವ ದಿನಗಳಲ್ಲಿ ದೂಳು ಹೋಗದ ಜಾಗವೇ ಇಲ್ಲ. ಪಂಖದ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಕೂತಿತ್ತು. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ನಿಧಾನವಾಗುತ್ತದೆ.

ಮಕ್ಕಳೇ, ಇಲ್ಲಿ ಕೆಲವು ಎಚ್ಚರಿಕೆ. ದೊಡ್ಡವರು ಜೊತೆಗಿಲ್ಲದೆ ತೆರೆಯಬೇಡಿ. ವೈರನ್ನು ಗೋಡೆಯಿಂದ ಕಿತ್ತಿಡಿ, ಬರೇ ಸ್ವಿಚ್ ಆರಿಸಿದರೆ ಸಾಲದು. ಒಳಗಿನ ಚಿಪ್ಪುಗಳನ್ನು ಮುಟ್ಟುವ ಮೊದಲು ಡಬ್ಬಿಯ ಬರಿ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯುತ್ತದೆ. ವೈರು ಬಂದು ಸೇರುವ ತಗಡಿನ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು ಎಂದಿಗೂ ಬಿಚ್ಚಬಾರದು. ಕರೆಂಟು ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು.

ಮೊಮ್ಮಗಳು ಬ್ರಷ್ ಹಿಡಿದು ದೂಳು ಬಿಡಿಸಿದಳು. ಪ್ರೊಸೆಸರ್ ಮೇಲೆ ಒಣಗಿ ಸುಣ್ಣದಂತಾಗಿದ್ದ ಹಳೆಯ ಪೇಸ್ಟನ್ನು ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆವು.

ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ, ಹೆಸರು ಸಿಆರ್ 2032. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ನಮ್ಮದು ಸತ್ತಿತ್ತು. ಹಾಗಾಗಿ ಕಂಪ್ಯೂಟರ್ ಪ್ರತಿ ಬೆಳಿಗ್ಗೆ ತಾರೀಖು ಮರೆತು ಹಳೆಯ ವರ್ಷಕ್ಕೆ ಹೋಗುತ್ತಿತ್ತು, ಎಷ್ಟೋ ಜಾಲತಾಣಗಳು ತೆರೆಯುತ್ತಲೇ ಇರಲಿಲ್ಲ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಮುಂದಿನ ತಾರೀಖಿನ ಚೆಕ್ಕನ್ನು ನಾವು ಕೌಂಟರಿನಲ್ಲಿ ವಾಪಸು ಕೊಡುತ್ತಿದ್ದೆವಲ್ಲ, ಹಾಗೆ. ನಲವತ್ತು ರೂಪಾಯಿಯ ಬ್ಯಾಟರಿಯಿಂದ ಎರಡು ವರ್ಷದ ಕಿರಿಕಿರಿ ತೀರಿತು.

ಹೊಸ ಮೇಲ್ವಿಚಾರಕ

ಉಳಿದದ್ದು ವಿಂಡೋಸ್ ಪ್ರಶ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಮೇಲಿನ ಪ್ರೊಸೆಸರ್ ಬೇಕು. ನಮ್ಮದು ಎರಡನೆಯದು.

ಪಕ್ಕದ ಮನೆಯ ಹುಡುಗ ಲಿನಕ್ಸ್ ಮಿಂಟ್ ತಂದುಕೊಟ್ಟ. ಇದಕ್ಕೆ ಹಣ ಕೊಡಬೇಕಿಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಆರಂಭಿಸಿದ ಕೆಲಸವನ್ನು ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದ್ದಾರೆ. ಪೆನ್ ಡ್ರೈವಿನಿಂದಲೇ ಓಡಿಸಿ ರುಚಿ ನೋಡಬಹುದು, ಹಿಡಿಸಿದರೆ ಮಾತ್ರ ಡಿಸ್ಕಿಗೆ ಹಾಕಿದರಾಯಿತು. ಹಾಕುವಾಗ ಹಳೆಯ ಡಿಸ್ಕಿನ ವೈರು ಬಿಚ್ಚಿಟ್ಟೆವು, ಕೈತಪ್ಪಿ ಅದು ಅಳಿಯಬಾರದಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಾನು ಕಲಿತಿದ್ದ ಕೀಲಿಮಣೆ ವಿನ್ಯಾಸವೇ ಇದರಲ್ಲೂ ಸಿಕ್ಕಿತು. ಈ ಲೇಖನವನ್ನು ಅದರಲ್ಲೇ ಕುಟ್ಟಿದ್ದೇನೆ.

ಹೊಸದನ್ನು ಕಲಿಯಲು ಈ ವಯಸ್ಸಿನಲ್ಲಿ ಅಂಜಿಕೆಯಾಗಲಿಲ್ಲವೇ ಎಂದರೆ, ಆಯಿತು. 1993ರಲ್ಲಿ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬಳಸುವ ಕುರಿತು ನೌಕರರ ಸಂಘಗಳೊಂದಿಗೆ ಒಪ್ಪಂದವಾದಾಗಲೂ ನಾನು ಅಂಜಿದ್ದೆ, ಇನ್ನು ನಮ್ಮ ಅನ್ನ ಹೋಯಿತು ಎಂದು. ಹೋಗಲಿಲ್ಲ. ಈ ಸಲ ಕಲಿಸಿದವಳು ಮೊಮ್ಮಗಳು ಎಂಬುದಷ್ಟೇ ವ್ಯತ್ಯಾಸ.

ಜಮಾ ಖರ್ಚು

ಎಸ್‌ಎಸ್‌ಡಿ 240 ಜಿಬಿ: 1,750
ಬಳಸಿದ ರ‍್ಯಾಮ್ 4 ಜಿಬಿ: 650
ಪೆನ್ ಡ್ರೈವ್ ಎರಡು: 900
ಸಾಟಾ ಕೇಬಲ್: 80
ಬ್ಯಾಟರಿ: 40
ಪೇಸ್ಟ್: 120
ಬ್ರಷ್: 30
ನನ್ನ ತಪ್ಪಿನ ದಂಡ: 100
ಬಸ್ಸು: 120
ಒಟ್ಟು: 3,790 ರೂಪಾಯಿ

ಉಳಿದ 210 ರೂಪಾಯಿಯಲ್ಲಿ ಸುಸಲಾ, ಮಿರ್ಚಿ ಭಜಿ ತರಿಸಿ ಮೂವರೂ ತಿಂದೆವು. ಆಮೇಲೆ ಮೊಮ್ಮಗಳು ಗಡಿಯಾರ ಹಿಡಿದು ಗುಂಡಿ ಒತ್ತಿದಳು. 32 ಸೆಕೆಂಡು! "ಮುತ್ಯಾ, ಇನ್ನ ರೊಟ್ಟಿ ತಿನ್ನಾಕ ಪುರುಸೊತ್ತಿಲ್ಲ" ಎಂದು ನಕ್ಕಳು.

ಎಲ್ಲ ಹಳೆಯ ಯಂತ್ರಕ್ಕೂ ಇದು ಮದ್ದಲ್ಲ. ದೊಡ್ಡ ಆಟಗಳು ಇದರಲ್ಲಿ ನಡೆಯುವುದಿಲ್ಲ. ಬೋರ್ಡೇ ಸುಟ್ಟಿದ್ದರೆ, ಅಥವಾ ರಿಪೇರಿಯ ಖರ್ಚು ಹೊಸದರ ಅರ್ಧಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ. ಎಸೆಯುವಾಗಲೂ ತಿಪ್ಪೆಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆ ಇರುವುದು ಕಾಲು ಭಾಗಕ್ಕೂ ಕಡಿಮೆ. ಆ ಭಂಗಾರದಲ್ಲಿ ನಿಜವಾದ ಬಂಗಾರವೂ ಸ್ವಲ್ಪ ಇರುತ್ತದೆ, ಜೊತೆಗೆ ಸೀಸದಂಥ ವಿಷವೂ.

ಈಗ ನಮ್ಮ ಮನೆಯಲ್ಲಿ ಒಂದು ನೋಟುಬುಕ್ಕಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಹೊಸ ಫೋಟೊ, ಕಾಗದಪತ್ರಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿ, ತಾರೀಖು ಬರೆದು, ಮೊಮ್ಮಗಳು ಸಹಿ ಹಾಕುತ್ತಾಳೆ. ಪಕ್ಕದಲ್ಲಿ ತನಿಖೆ ಮಾಡಿದವನೆಂದು ನನ್ನ ಸಹಿ. ಮೊದಲ ಪುಟದಲ್ಲಿ ಆ ಹನ್ನೊಂದು ಫೋಟೊಗಳ ಹೆಸರನ್ನೂ ಬರೆದಿದ್ದೇನೆ, ಹೋದದ್ದಕ್ಕೂ ಲೆಕ್ಕ ಇರಬೇಕಲ್ಲ.

ಮೊದಲ ಸಹಿ ಆದ ಮೇಲೆ ಅವಳು, "ಮುತ್ಯಾ, ಆಯಿದು ಹಾಡು ಹಚ್ಚಲಾ?" ಎಂದಳು. ಹಚ್ಚು ಎಂದೆ. ಕಾಯಬೇಕಾಗಲಿಲ್ಲ, ಒತ್ತಿದ ಕೂಡಲೇ ಬಂತು.