ಪೆಟ್ಟಾದ ಕಾಲಿಗೆ ನಡಿಗೆ ಕಲಿಸುವ ಸಂವೇದಕಗಳು

ಪ್ರಶ್ನೆ: ಕಾಲಿನ ಮೂಳೆ ಮುರಿದವರು ಮತ್ತೆ ನಡೆಯುವುದನ್ನು ಕಲಿಯಲು ಮೈಗೆ ತೊಡುವ ಎಲೆಕ್ಟ್ರಾನಿಕ್ ಸಾಧನಗಳು ಹೇಗೆ ನೆರವಾಗುತ್ತವೆ?

ಉತ್ತರ: ಒಂದು ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ತಾಗುವವರೆಗಿನ ಅವಧಿಗೆ ನಡಿಗೆಯ ಚಕ್ರವೆಂದು ಹೆಸರು, ಸಹಜ ನಡಿಗೆಯಲ್ಲಿ ಇದರ ಸುಮಾರು ಶೇ. 60ರಷ್ಟು ಕಾಲ ಆ ಪಾದ ನೆಲದ ಮೇಲಿದ್ದು, ಉಳಿದ ಶೇ. 40ರಷ್ಟು ಕಾಲ ನೆಲದಿಂದ ಮೇಲೆದ್ದು ಮುಂದೆ ಸಾಗುತ್ತದೆ. ಪೆಟ್ಟಾದ ಕಾಲನ್ನು ನೋವು ಮತ್ತು ಅಳುಕಿನಿಂದಾಗಿ ರೋಗಿಗಳು ಬೇಗನೆ ಎತ್ತಿಬಿಡುವುದರಿಂದ ಈ ಅನುಪಾತ ಕೆಡುತ್ತದೆ, ಮೂಳೆ ಕೂಡಿದ ಮೇಲೂ ಆ ಕುಂಟು ನಡಿಗೆ ರೂಢಿಯಾಗಿ ಉಳಿದುಬಿಡಬಹುದು.

ಚೇತರಿಕೆಯ ಆರಂಭದಲ್ಲಿ ಕಾಲಿನ ಮೇಲೆ ಇಂತಿಷ್ಟೇ, ಉದಾಹರಣೆಗೆ 20 ಕಿಲೋಗ್ರಾಂ, ಭಾರ ಹಾಕಬೇಕೆಂದು ವೈದ್ಯರು ಸೂಚಿಸಿದಾಗ, ತೂಕದ ಯಂತ್ರದ ಮೇಲೆ ನಿಂತು ಕಲಿತ ಆ ಅಂದಾಜು ಊರುಗೋಲು ಹಿಡಿದು ನಡೆಯುವಾಗ ಸುಲಭವಾಗಿ ತಪ್ಪುತ್ತದೆ. ಇಲ್ಲಿಯೇ ಪಾದರಕ್ಷೆಯ ಒಳಗೆ ಹಾಸುವ ಒತ್ತಡ ಸಂವೇದಕಗಳು, ಅಂದರೆ ಭಾರ ಬಿದ್ದಾಗ ವಿದ್ಯುತ್ ಗುಣ ಬದಲಾಗುವ ತೆಳುವಾದ ಪದರಗಳು, ಹಿಮ್ಮಡಿ ಮತ್ತು ಹೆಬ್ಬೆರಳಿನ ಬುಡಕ್ಕೆ ಬೀಳುವ ಭಾರವನ್ನು ಹೆಜ್ಜೆಹೆಜ್ಜೆಗೂ ಅಳೆದು, ಮಿತಿ ಮೀರಿದ ಕೂಡಲೇ ಕಂಪನದಿಂದಲೋ ಸದ್ದಿನಿಂದಲೋ ಎಚ್ಚರಿಸುತ್ತವೆ; ಕಣಕಾಲಿಗೆ ಕಟ್ಟಿದ ಗೈರೋಸ್ಕೋಪ್, ಎಂದರೆ ತಿರುಗುವ ವೇಗವನ್ನು ಗುರುತಿಸುವ ಉಪಕರಣ, ಕಾಲು ಬೀಸುವ ಬಗೆಯನ್ನು ದಾಖಲಿಸುತ್ತದೆ. ಆದರೆ ಸದಾ ಸೂಚನೆ ಸಿಗುತ್ತಿದ್ದರೆ ದೇಹ ಅದನ್ನೇ ಅವಲಂಬಿಸುವ ಅಪಾಯವಿರುವುದರಿಂದ, ಭೌತಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಎಚ್ಚರಿಕೆಗಳನ್ನು ಕ್ರಮೇಣ ಕಡಿಮೆ ಮಾಡಿ, ರೋಗಿ ತನ್ನ ಪಾದದ ಸ್ಪರ್ಶವನ್ನೇ ನಂಬಿ ನಡೆಯುವಂತೆ ಮಾಡುವುದು ಅತ್ಯಗತ್ಯ.