ಅಲ್ಲಿ ‘ಹೌ ಆರ್ ಯೂ?’, ಇಲ್ಲಿ ‘ಊಟ ಆಯ್ತಾ?’

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯ ಕಡೆ ನೀವು ಎಂದಾದರೂ ಹೋಗಿದ್ದರೆ, ರೈತರ ಮಾತಿನಲ್ಲಿ ‘ವರ್ಜೀನಿಯಾ’, ‘ಬ್ಯಾರನ್’ ಎಂಬ ಎರಡು ಪದಗಳು ಕಿವಿಗೆ ಬಿದ್ದೇ ಇರುತ್ತವೆ. ವರ್ಜೀನಿಯಾ ಎಂಬುದು ಅಮೆರಿಕದ ಪೂರ್ವ ತೀರದ ಒಂದು ರಾಜ್ಯ. ಬ್ಯಾರನ್ ಎಂದರೆ ಸೊಪ್ಪನ್ನು ಹದ ಮಾಡುವ ಮನೆ. ಇಂಗ್ಲಿಷಿನ ‘ಬಾರ್ನ್’ ನಮ್ಮವರ ನಾಲಗೆಯಲ್ಲಿ ಹೀಗಾಗಿದೆ. ಸೊಪ್ಪಿನ ಜೊತೆಗೆ ಹೆಸರೂ ಸಮುದ್ರ ದಾಟಿ ಬಂದು ಇಲ್ಲಿಯದೇ ಆಯಿತು. ತೂಕ ಮಾತ್ರ ದಾಟಲಿಲ್ಲ: ಇಲ್ಲಿ ಕಿಲೋಗ್ರಾಂ, ಅಲ್ಲಿ ಪೌಂಡು. ಜಮೀನಿನ ಲೆಕ್ಕ ಎರಡೂ ಕಡೆ ಎಕರೆಯೇ. ನಿಮ್ಮ ತಂದೆ ‘ಎರಡು ಎಕರೆ’ ಎಂದರೆ ಅಮೆರಿಕದ ರೈತನಿಗೆ ತಕ್ಷಣ ತಿಳಿಯುತ್ತದೆ. ‘ಹತ್ತು ಗುಂಟೆ’ ಎಂದರೆ ಕಣ್ಣು ಕಣ್ಣು ಬಿಡುತ್ತಾನೆ.

ಗಿಡ, ಯಂತ್ರ, ಹೆಸರು ಇವೆಲ್ಲ ಸುಲಭವಾಗಿ ದೇಶ ದಾಟುತ್ತವೆ. ನಡೆನುಡಿಗಳು ಅಷ್ಟು ಸುಲಭವಾಗಿ ದಾಟುವುದಿಲ್ಲ. ಅಮೆರಿಕಕ್ಕೆ ಹೋದವರು, ಅಲ್ಲಿಂದ ಇಲ್ಲಿಗೆ ಬಂದವರು ಮೊದಲು ಎಡವುವುದು ಇಲ್ಲಿಯೇ. ದೊಡ್ಡ ಸಂಗತಿಗಳಿಗೆ ಎಲ್ಲರೂ ಸಿದ್ಧರಾಗಿರುತ್ತಾರೆ. ಭಾಷೆ ಬೇರೆ, ಊಟ ಬೇರೆ, ಚಳಿ ಜಾಸ್ತಿ ಎಂಬುದು ಹೊರಡುವ ಮೊದಲೇ ಗೊತ್ತಿರುತ್ತದೆ. ಯಾರೂ ಹೇಳಿಕೊಡದ ಸಣ್ಣ ಸಂಗತಿಗಳೇ ಕಾಡುವುದು. ಯಾರೂ ಯಾಕೆ ಹೇಳಿಕೊಡುವುದಿಲ್ಲ? ಅವು ನಿಯಮಗಳು ಎಂಬುದೇ ಆಯಾ ಊರಿನವರಿಗೆ ತಿಳಿದಿರುವುದಿಲ್ಲ. ಪರದೆಯ ಮೇಲಿನ ಮಾತುಕತೆಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಸಮಯ ಸಾಲದು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಇದು ನಮಗೆ ದೂರದ ವಿಷಯ ಎಂದುಕೊಳ್ಳಬೇಡಿ. ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960-61ರಲ್ಲಿ ಟಿಬೆಟನ್ನರ ನೆಲೆ ಆರಂಭವಾಯಿತು. 1990ರಲ್ಲಿ ಅಮೆರಿಕ ಸರ್ಕಾರ ಭಾರತ ಮತ್ತು ನೇಪಾಳದಲ್ಲಿದ್ದ 1000 ಟಿಬೆಟನ್ನರಿಗೆ ತನ್ನ ದೇಶದಲ್ಲಿ ನೆಲೆಸಲು ಅವಕಾಶ ಕೊಡುವ ಕಾನೂನು ಮಾಡಿತು. ಹಾಗೆ ಹೋದವರ ಬಳಗ ಮಿನ್ನಿಯಾಪೊಲಿಸ್, ನ್ಯೂಯಾರ್ಕ್‌ಗಳಲ್ಲಿ ಈಗ ದೊಡ್ಡದಾಗಿ ಬೆಳೆದಿದೆ. ಇತ್ತ ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರ ಬಳಿ ಯೋಗ ಕಲಿಯಲು 1970ರ ದಶಕದಿಂದಲೇ ಅಮೆರಿಕನ್ನರು ಬರತೊಡಗಿದರು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆ ಅಲ್ಲಿಯ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲೇ ಕನ್ನಡ ಕಲಿಸುವ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಅಂಥವರಲ್ಲಿ ಒಬ್ಬರು ನಾಳೆ ನಿಮ್ಮ ಪಕ್ಕದ ಸೀಟಿನಲ್ಲಿ ಕುಳಿತಿರಬಹುದು. ಇಲ್ಲವೇ ಕೆಲವು ವರ್ಷಗಳ ನಂತರ ನೀವೇ ಅವರ ಊರಿನ ಬಸ್ಸಿನಲ್ಲಿ ಕುಳಿತಿರಬಹುದು.

ಮೊದಲ ಭೇಟಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಅಂಗಡಿಯಲ್ಲಿ ಲೆಕ್ಕ ಮಾಡುವ ಹುಡುಗಿ ನಗುತ್ತಾ ‘ಹೌ ಆರ್ ಯೂ?’ ಎನ್ನುತ್ತಾಳೆ. ನಮ್ಮವರು ಪಾಪ, ನಿಜವಾಗಿ ಕೇಳುತ್ತಿದ್ದಾಳೆ ಎಂದುಕೊಂಡು ಎರಡು ದಿನದಿಂದ ನೆಗಡಿ ಎಂದು ಶುರುಮಾಡುತ್ತಾರೆ. ಅಷ್ಟರಲ್ಲಿ ಅವಳು ಮುಂದಿನವರ ಕಡೆ ತಿರುಗಿರುತ್ತಾಳೆ. ‘ಎಂಥ ಬೂಟಾಟಿಕೆಯ ಜನ, ಕೇಳುತ್ತಾರೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ’ ಎಂಬ ತೀರ್ಮಾನದೊಂದಿಗೆ ಇವರು ಹೊರಗೆ ಬರುತ್ತಾರೆ. ಈಗ ಇದನ್ನೇ ತಿರುಗಿಸಿ ನೋಡಿ. ನಮ್ಮ ಊರಿನ ಜಗಲಿಯ ಮೇಲೆ ಕುಳಿತ ಅಜ್ಜಿ ದಾರಿಯಲ್ಲಿ ಹೋಗುವ ಅಮೆರಿಕದ ಹುಡುಗನನ್ನು ‘ಊಟ ಆಯ್ತೇನಪ್ಪಾ?’ ಎಂದು ಕೇಳುತ್ತಾರೆ. ಅವನು ಇನ್ನೂ ಆಗಿಲ್ಲ ಎನ್ನುತ್ತಾನೆ, ನಿಂತು ಕಾಯುತ್ತಾನೆ. ಅಜ್ಜಿ ‘ಹೌದಾ, ಹೋಗಿ ಮಾಡು ಹೋಗು’ ಎಂದು ಒಳಗೆ ಹೋಗುತ್ತಾರೆ. ಕರೆದು ಊಟ ಹಾಕಲಿಲ್ಲವಲ್ಲ ಎಂದು ಅವನಿಗೆ ಗೊಂದಲ. ಎರಡೂ ಪ್ರಶ್ನೆಗಳಲ್ಲ. ‘ನಿನ್ನನ್ನು ನೋಡಿದೆ, ನಿನ್ನ ಬಗ್ಗೆ ನನಗೆ ಕೆಟ್ಟ ಮನಸ್ಸಿಲ್ಲ’ ಎಂದು ತಿಳಿಸುವ ಮಾತುಗಳು ಅವು. ನಮ್ಮ ಮಾತನ್ನು ನಾವು ಪ್ರೀತಿ ಎಂದುಕೊಳ್ಳುತ್ತೇವೆ, ಅವರ ಮಾತನ್ನು ನಾಟಕ ಎನ್ನುತ್ತೇವೆ. ಇದು ನ್ಯಾಯವಲ್ಲ.

ಊಟದ ಎಲೆಯ ಮುಂದೆ ಈ ತೊಡಕು ಇನ್ನೂ ಹೆಚ್ಚು. ನಮ್ಮ ಸೀಮೆಯಲ್ಲಿ ಅತಿಥಿಯ ‘ಬೇಡ’ ಎಂಬ ಮಾತಿಗೆ ಮೂರು ಮೆಟ್ಟಿಲುಗಳಿವೆ. ಮೊದಲ ‘ಬೇಡ’ ಸಂಕೋಚ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಮರ್ಯಾದೆ. ಮೂರನೆಯ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಖಂಡಿತ ಬೇಡಮ್ಮ’ ಎಂದರೆ ಆಗ ಅದು ನಿಜವಾದ ಬೇಡ. ಅಷ್ಟರೊಳಗೆ ಅರ್ಧ ಮುದ್ದೆ ಬಿದ್ದಿರುತ್ತದೆ, ಅದರ ಮೇಲೆ ಬಸ್ಸಾರು ಕೂಡ. ಬಡಿಸುವವರಿಗೂ ಉಣ್ಣುವವರಿಗೂ ಈ ಆಟದ ನಿಯಮ ಗೊತ್ತು. ಅಮೆರಿಕದ ಮನೆಯಲ್ಲಿ ‘ಇನ್ನು ಸ್ವಲ್ಪ ಬೇಕೇ?’ ಎಂದು ಒಮ್ಮೆ ಕೇಳುತ್ತಾರೆ. ನೀವು ನಮ್ಮ ರೂಢಿಯಂತೆ ಬೇಡ ಎಂದರೆ ಪಾತ್ರೆ ಮುಂದಕ್ಕೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅಲ್ಲಿಗೆ ಹೋದ ನಮ್ಮ ಎಷ್ಟೋ ವಿದ್ಯಾರ್ಥಿಗಳು ಮೊದಲ ಔತಣದ ದಿನ ಹಸಿದುಕೊಂಡೇ ಮನೆಗೆ ಮರಳಿ, ‘ಬಲವಂತ ಮಾಡಿ ಬಡಿಸಲೂ ಬಾರದ ಜನ’ ಎಂದು ಊರಿಗೆ ಹೇಳಿಕಳಿಸಿದ್ದುಂಟು. ಅವರ ಲೆಕ್ಕವೇ ಬೇರೆ: ದೊಡ್ಡವರ ಮಾತನ್ನು ಒಮ್ಮೆಗೇ ನಂಬುವುದು ಗೌರವ, ಬೇಡ ಎಂದ ಮೇಲೂ ಹಾಕುವುದು ಅವರ ಮಾತಿಗೆ ಬೆಲೆ ಕೊಡದಂತೆ. ಹೊಟ್ಟೆ ಬಿರಿಯುವಂತೆ ಉಂಡು ನಮ್ಮ ಮನೆಗಳಿಂದ ಹೊರಟ ಅಮೆರಿಕನ್ ಅತಿಥಿಗಳೂ ನಮ್ಮ ಬಗ್ಗೆ ಏನೋ ಒಂದು ಮಾತು ಹೇಳಿಯೇ ಇರುತ್ತಾರೆ. ಅದು ನಮ್ಮ ಕಿವಿಗೆ ಬಿದ್ದಿಲ್ಲ, ಅಷ್ಟೆ.

‘ಥ್ಯಾಂಕ್ಯೂ’ ವಿಷಯವೂ ಹೀಗೆಯೇ. ಅಲ್ಲಿ ಬಸ್ಸು ಇಳಿಯುವಾಗ ಚಾಲಕನಿಗೆ ಹೇಳುತ್ತಾರೆ, ಉಪ್ಪು ಕೊಟ್ಟ ತಾಯಿಗೂ ಹೇಳುತ್ತಾರೆ. ಇಲ್ಲಿ ನೀವು ಕಾಫಿ ಕೊಟ್ಟ ಅಮ್ಮನಿಗೆ ‘ಧನ್ಯವಾದಗಳು’ ಎಂದು ನೋಡಿ. ‘ಯಾಕೋ, ಮೈ ಹುಷಾರಿಲ್ವಾ?’ ಎಂದು ಹಣೆ ಮುಟ್ಟಿ ನೋಡುತ್ತಾರೆ. ನಮ್ಮಲ್ಲಿ ಆ ಮಾತು ಹೊರಗಿನವರಿಗೆ. ಒಳಗಿನವರಿಗೆ ಹೇಳಿದರೆ ಅವರನ್ನು ಹೊರಗಿಟ್ಟಂತೆ. ಕೃತಜ್ಞತೆ ನಮಗಿಲ್ಲವೆಂದಲ್ಲ. ತಾಂಬೂಲ ಕೊಟ್ಟು ಕಳಿಸುವುದರಲ್ಲಿ, ಮರುವರ್ಷ ಅವರ ಮನೆಯ ಮದುವೆಗೆ ಎರಡು ದಿನ ಮುಂಚೆ ಹೋಗಿ ದುಡಿಯುವುದರಲ್ಲಿ ಅದು ಇರುತ್ತದೆ.

ಈ ವ್ಯತ್ಯಾಸಗಳ ಬೇರು ಎಲ್ಲಿದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ನಮ್ಮ ಮೈಸೂರಿನವರೇ. ಎ. ಕೆ. ರಾಮಾನುಜನ್ ಹುಟ್ಟಿದ್ದು 1929ರಲ್ಲಿ ಮೈಸೂರಿನಲ್ಲಿ, ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. 1959ರಲ್ಲಿ ಅಮೆರಿಕಕ್ಕೆ ಹೋದವರು ಮುಂದೆ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ, 1993ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಭಾರತೀಯರಿಗೆ ಅವರದೇ ಆದ ಯೋಚನಾ ಕ್ರಮ ಇದೆಯೇ ಎಂದು ಕೇಳುವ ಅವರ ಇಂಗ್ಲಿಷ್ ಪ್ರಬಂಧ 1989ರಲ್ಲಿ ಪ್ರಕಟವಾಯಿತು. ಅದರ ತಿರುಳನ್ನು ಸರಳವಾಗಿ ಹೇಳುವುದಾದರೆ ಇಷ್ಟು: ಕೆಲವು ಸಂಸ್ಕೃತಿಗಳು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ನಿಯಮ ಇರಬೇಕೆಂದು ಬಯಸುತ್ತವೆ. ಇನ್ನು ಕೆಲವು, ಯಾರು, ಯಾರಿಗೆ, ಎಲ್ಲಿ, ಯಾವಾಗ ಎಂಬುದನ್ನು ನೋಡಿ ನಿಯಮ ಬದಲಿಸುತ್ತವೆ. ಭಾರತದಲ್ಲಿ ಎರಡನೆಯ ಬಗೆಯೇ ಹೆಚ್ಚು ಎಂಬುದು ಅವರ ವಾದ.

ನಮ್ಮ ಮಾತಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಇಂಗ್ಲಿಷಿನ ‘ಯೂ’ ರಾಷ್ಟ್ರಾಧ್ಯಕ್ಷನಿಗೂ ಒಂದೇ, ಮನೆಯ ನಾಯಿಗೂ ಒಂದೇ. ನಮ್ಮಲ್ಲಿ ‘ನೀನು’ ಎನ್ನಬೇಕೆ, ‘ನೀವು’ ಎನ್ನಬೇಕೆ ಎಂದು ತೀರ್ಮಾನಿಸದೆ ಒಂದು ವಾಕ್ಯವನ್ನೂ ಮುಗಿಸಲಾಗದು. ಕಾಲದ ವಿಷಯವನ್ನೂ ನೋಡಿ. ‘ಭಾರತೀಯರಿಗೆ ಸಮಯಪ್ರಜ್ಞೆ ಇಲ್ಲ’ ಎಂದು ಪ್ರವಾಸಿಗರು ಬರೆಯುತ್ತಾರೆ. ಆದರೆ ಧಾರೆಯ ಮುಹೂರ್ತ 10 ಗಂಟೆ 20 ನಿಮಿಷಕ್ಕೆ ಎಂದಿದ್ದರೆ ನಮ್ಮ ಪುರೋಹಿತರು ಗಡಿಯಾರ ನೋಡುವ ರೀತಿ ನಿಮಗೆ ಗೊತ್ತೇ ಇದೆ. ‘ಸಂಜೆ ಕಡೆ ಬರ್ತೀನಿ’ ಎಂಬ ಮಾತಿಗೆ ಮಾತ್ರ ಆ ಗಡಿಯಾರ ಅನ್ವಯಿಸುವುದಿಲ್ಲ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ಕಂಡ ಅಮೆರಿಕನ್ನರಿಗೆ ಬರೀ ಗಲಾಟೆ ಕಾಣುತ್ತದೆ. ಟವೆಲ್ಲಿಗೂ ಒಂದು ಕಾನೂನಿದೆ ಎಂಬುದು ಅದನ್ನು ತೆಗೆದು ಕುಳಿತುಕೊಂಡವರಿಗಷ್ಟೇ ತಿಳಿಯುತ್ತದೆ. (ಸಾಲಿನಲ್ಲಿ ನಿಲ್ಲುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ವಯಸ್ಸಾದವರು ಟವೆಲ್ ಹಿಡಿದು ಓಡಲಾರರು.)

ಒಬ್ಬರಿಗೊಂದು ನಿಯಮ ಎನ್ನುವ ನಮ್ಮ ರೀತಿಗೆ ಕಹಿ ಮುಖವೂ ಇದೆ ಎಂಬುದನ್ನು ಮುಚ್ಚಿಡಬಾರದು. ಯಾವ ಕೇರಿಯಿಂದ ಬಂದವನು ಎಂದು ನೋಡಿ ಲೋಟ ಬೇರೆ ಮಾಡಿದ್ದೂ ಇದೇ ರೀತಿಯೇ. ‘ಯಾವೂರು? ಯಾರ ಪೈಕಿ?’ ಎಂಬ ನಮ್ಮ ಮೊದಲ ಪ್ರಶ್ನೆಯ ಹಿಂದೆ ಅಕ್ಕರೆ ಇರುವಂತೆ ಜಾತಿಯ ಹುಡುಕಾಟವೂ ಇರುತ್ತದೆ. ಅಮೆರಿಕದಲ್ಲಿ ಮೊದಲ ಪ್ರಶ್ನೆ ‘ನೀವು ಏನು ಕೆಲಸ ಮಾಡುತ್ತೀರಿ?’ ಎಂಬುದು. ಸಂಬಳ, ವಯಸ್ಸು, ಮದುವೆ, ಮಕ್ಕಳಿಲ್ಲದಿರಲು ಕಾರಣ ಇವನ್ನು ಅಲ್ಲಿ ಹೊಸಬರು ಕೇಳುವಂತಿಲ್ಲ. ಎಲ್ಲರಿಗೂ ಒಂದೇ ನಿಯಮ ಎನ್ನುವ ಆ ದೇಶದಲ್ಲೂ ಕಪ್ಪು ಜನರಿಗೆ ಬಸ್ಸಿನಲ್ಲಿ ಬೇರೆ ಸೀಟು ಇತ್ತು. 1955ರಲ್ಲಿ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದರು. ಆದ್ದರಿಂದ ಯಾರ ಪಾಠವನ್ನೂ ಪೂರ್ತಿ ನಂಬಬೇಡಿ.

ವಿದ್ಯಾರ್ಥಿಗಳಾದ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ತರಗತಿ. ಅಲ್ಲಿ ಎಷ್ಟೋ ಪ್ರಾಧ್ಯಾಪಕರು ತಮ್ಮನ್ನು ಹೆಸರು ಹಿಡಿದೇ ಕರೆಯಿರಿ ಎನ್ನುತ್ತಾರೆ. ನಮ್ಮ ಹುಡುಗರಿಗೆ ಬಾಯೇ ಬರುವುದಿಲ್ಲ. ಹೆಸರಿನಿಂದ ಕರೆಸಿಕೊಂಡವರು ಗೆಳೆಯರಾದರು, ಇನ್ನು ಅಂಕ ಸಲೀಸು ಎಂದು ತಿಳಿದರೆ ಅದೂ ತಪ್ಪು. ಬೆಳಿಗ್ಗೆ ಹೆಸರಿನಿಂದ ಕರೆಸಿಕೊಂಡವರು ಮಧ್ಯಾಹ್ನ ನಿಮ್ಮನ್ನು ಫೇಲು ಮಾಡಬಲ್ಲರು. ನಮ್ಮಲ್ಲಿ ಮೇಷ್ಟ್ರ ಎದುರು ಸುಮ್ಮನೆ ಕೇಳಿಸಿಕೊಳ್ಳುವವನು ಒಳ್ಳೆಯ ವಿದ್ಯಾರ್ಥಿ. ಅಲ್ಲಿ ಹಲವು ತರಗತಿಗಳಲ್ಲಿ ಮಾತಾಡುವುದಕ್ಕೇ ಅಂಕ ಇರುತ್ತದೆ. ನಿಮ್ಮ ಮೌನವನ್ನು ಅವರು ವಿನಯ ಎಂದುಕೊಳ್ಳುವುದಿಲ್ಲ, ‘ಓದಿಕೊಂಡು ಬಂದಿಲ್ಲ’ ಎಂದುಕೊಳ್ಳುತ್ತಾರೆ. ಇನ್ನೊಂದು ಎಚ್ಚರಿಕೆ: ಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡಿ ಹಾಗೆಯೇ ಬರೆಯುವುದನ್ನು ನಮ್ಮ ಪರೀಕ್ಷೆಗಳು ಮೆಚ್ಚಿಕೊಂಡು ಬಂದಿವೆ. ಅಲ್ಲಿ ಯಾರ ಮಾತು ಎಂದು ಹೇಳದೆ ಬರೆದರೆ ಅದು ಕಳವು. ಅದಕ್ಕಾಗಿ ಕಾಲೇಜಿನಿಂದ ಹೊರಹಾಕುವುದೂ ಉಂಟು. ಮನೆಯವರು ಸಾಲ ಮಾಡಿ ಕಳಿಸಿದ ಹುಡುಗನಿಗೆ ಈ ವ್ಯತ್ಯಾಸ ತಿಳಿಯದೆ ಹೋದರೆ ಅದು ಬರೀ ಸ್ವಾರಸ್ಯದ ಸಂಗತಿಯಾಗಿ ಉಳಿಯುವುದಿಲ್ಲ.

ಹಣದ ವಿಷಯದಲ್ಲಿ ಎರಡು ಮಾತು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸಾಮಾನಿನ ಮೇಲಿನ ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಹಣ ಕೊಡುವಾಗ ಸೇರಿಸುತ್ತಾರೆ. ತೆರಿಗೆಯ ದರ ರಾಜ್ಯದಿಂದ ರಾಜ್ಯಕ್ಕೆ, ಊರಿನಿಂದ ಊರಿಗೆ ಬೇರೆಯಾಗಿರುವುದು ಇದಕ್ಕೆ ಒಂದು ಕಾರಣ. ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆಯೇ ಓದಿ ಅಭ್ಯಾಸವಾದ ನಮಗೆ ಇದು ಮೋಸದಂತೆ ಕಾಣುತ್ತದೆ. ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಕೊಡದಿದ್ದರೆ ಮುಖ ಸಿಂಡರಿಸುತ್ತಾರೆ. ಅದಕ್ಕೂ ಕಾರಣವಿದೆ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಲೇಬೇಕಾದ ಕೂಲಿ, ಅಲ್ಲಿಯ ಕೇಂದ್ರ ಕಾನೂನಿನ ಪ್ರಕಾರ, ಗಂಟೆಗೆ 2 ಡಾಲರ್ 13 ಸೆಂಟ್ ಮಾತ್ರ. 1991ರಿಂದ ಅದು ಏರಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ. ಉಳಿದ ಕಡೆ ಬಡಿಸುವವರ ಸಂಬಳದ ಹೊರೆ ಬಹುಪಾಲು ಗಿರಾಕಿಯ ಮೇಲೆಯೇ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ನೀವು ಮರೆತಿರೆಂದು ತಂದುಕೊಟ್ಟಾರು.

ಇನ್ನು ತಾರೀಖು. ಅಮೆರಿಕನ್ನರು ತಿಂಗಳನ್ನು ಮೊದಲು ಬರೆಯುತ್ತಾರೆ. 4-7 ಎಂದು ನೀವು ಬರೆದರೆ ನಿಮಗದು ಜುಲೈ 4, ಅವರಿಗೆ ಏಪ್ರಿಲ್ 7. ಅರ್ಜಿ ತುಂಬುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಬಿಡುವುದು ಕ್ಷೇಮ.

ಇಷ್ಟೆಲ್ಲ ಓದಿಕೊಂಡರೆ ಒಂದು ಜನವನ್ನು ಅರಿತಂತಾಯಿತೇ? ರಾಮಾನುಜನ್ ಅವರೇ ಕನ್ನಡದಲ್ಲಿ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಕತೆ ಬರೆದಿದ್ದಾರೆ. ಮೈಸೂರಿನಿಂದ ಷಿಕಾಗೊಗೆ ಹೋದ ಅಣ್ಣಯ್ಯ ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ತನ್ನದೇ ಜನರ ಆಚಾರಗಳ ಬಗ್ಗೆ ಅಮೆರಿಕನ್ನರು ಬರೆದ ಪುಸ್ತಕಗಳನ್ನು ಆಸೆಯಿಂದ ಓದುತ್ತಾನೆ. ಹಾಗೆ ಓದುತ್ತಿರುವಾಗ ತನ್ನ ಮನೆಯಲ್ಲೇ ಆದ ಸಾವಿನ ಸುದ್ದಿ, ಮನೆಯವರು ಅವನಿಂದ ಮುಚ್ಚಿಟ್ಟಿದ್ದ ಸುದ್ದಿ, ಆ ಪುಸ್ತಕದ ಚಿತ್ರಗಳಿಂದ ಅವನಿಗೆ ತಿಳಿಯುತ್ತದೆ. ಗ್ರಂಥಾಲಯದಲ್ಲಿ ಸಿಕ್ಕರೆ ಓದಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೂಡ ಅಲ್ಲಿಯೇ ಇರುತ್ತದೆ. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಕೊನೆಗೆ, ನಮ್ಮ ಕುತ್ತಿಗೆಯ ವಿಷಯ. ಒಪ್ಪಿಗೆ ಎನ್ನಲು ನಾವು ತಲೆಯನ್ನು ಆ ಕಡೆ ಈ ಕಡೆ ತೂಗುತ್ತೇವೆ. ಅಮೆರಿಕದವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಎಷ್ಟೋ ಜನ ಅಲ್ಲ ಎಂದೇ ಓದಿಕೊಳ್ಳುತ್ತಾರೆ. ಮೈಸೂರಿಗೆ ಕನ್ನಡ ಕಲಿಯಲು ಬಂದವರಿಗೆ ನೀವು ದಾರಿ ತೋರಿಸುತ್ತಿದ್ದರೆ ಪರವಾಗಿಲ್ಲ, ಇನ್ನೊಮ್ಮೆ ಕೇಳುತ್ತಾರೆ. ವೀಸಾ ಸಂದರ್ಶನದ ಕಿಟಕಿಯಲ್ಲಿ ಎರಡೇ ನಿಮಿಷ ಇರುತ್ತದೆ. ಅಲ್ಲಿ ತಲೆಯನ್ನು ಸುಮ್ಮನಿರಿಸಿ, ಬಾಯಿಬಿಟ್ಟು ‘ಯೆಸ್’ ಎನ್ನಿ.